ಹನ್ನೆರಡರಲ್ಲಿ ಒಂದು ಜಾಗ: ಪ್ರೊ ಬಾಸ್ಕೆಟ್‌ಬಾಲ್ ತಂಡದ ಸೆಲೆಕ್ಷನ್‌ಗೆ ಕರಾವಳಿಯ ಆಟಗಾರರು ತಯಾರಾಗುವ ಬಗೆ

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಒಂದು ಪಂದ್ಯ ಎಂದರೆ 10 ನಿಮಿಷದ ನಾಲ್ಕು ಕ್ವಾರ್ಟರ್. ಕೋರ್ಟಿನ ಮೇಲೆ ಐದು ಮಂದಿ. ಅಂದರೆ ಕೋಚ್ ಕೈಯಲ್ಲಿ ಹಂಚಲಿಕ್ಕೆ ಇರುವುದು ಒಟ್ಟು 200 ನಿಮಿಷ. ಮೊದಲ ಐವರು ತಲಾ 28 ನಿಮಿಷ ಆಡಿದರೆ 140 ಮುಗಿಯಿತು. ಉಳಿದ 60 ನಿಮಿಷವನ್ನು ಬೆಂಚಿನ ಏಳು ಜನರಿಗೆ ಸಮನಾಗಿ ಹಂಚುವ ಕೋಚ್ ಸಿಗುವುದಿಲ್ಲ. ಮೂರು ಅಥವಾ ನಾಲ್ಕು ಜನರಿಗೆ ಅದು ಹೋಗುತ್ತದೆ, ಮಿಕ್ಕವರು ಟವೆಲ್ ಹೊದ್ದು ಕೂರುತ್ತಾರೆ. ಪ್ರೊ ತಂಡದ ಟ್ರಯಲ್ಸ್‌ಗೆ ಹೊರಟ ಇಪ್ಪತ್ತು ಇಪ್ಪತ್ತೆರಡರ ಪ್ರಾಯದವರು ಸ್ಪರ್ಧಿಸುವುದು ಈ 60 ನಿಮಿಷಕ್ಕೆ, ಹೆಚ್ಚಿನ ಸಲ ಅದರಲ್ಲೂ ಹತ್ತು ಹನ್ನೆರಡು ನಿಮಿಷದ ಪಾಲಿಗೆ.

ಮಂಗಳೂರು, ಉಡುಪಿಯ ಕಾಲೇಜು ತಂಡಗಳಿಂದ ಹೋಗುವವರು ಎಡವುವುದು ಇಲ್ಲೇ. ಕಾಲೇಜಿನಲ್ಲಿ ಚೆಂಡು ಅವರ ಕೈಯಲ್ಲೇ ಇರುತ್ತದೆ, ಪಂದ್ಯಕ್ಕೆ ಇಪ್ಪತ್ತು ಶಾಟ್ ಅವರದ್ದೇ. ಟ್ರಯಲ್ಸ್‌ನಲ್ಲಿಯೂ ಅದನ್ನೇ ತೋರಿಸಲಿಕ್ಕೆ ಹೋಗುತ್ತಾರೆ. ಆದರೆ ಇಪ್ಪತ್ತು ಶಾಟ್ ಹೊಡೆಯುವವರನ್ನು ತಂಡ ಆಗಲೇ ದುಡ್ಡು ಕೊಟ್ಟು ತಂದಾಗಿರುತ್ತದೆ. ಕೋಚ್ ಹುಡುಕುತ್ತಿರುವುದು ನಾಲ್ಕೇ ಶಾಟ್ ಸಿಕ್ಕಿದರೂ ಹನ್ನೆರಡು ನಿಮಿಷ ತಂಡಕ್ಕೆ ನಷ್ಟ ಮಾಡದೆ ಆಡುವವರನ್ನು. ಯಕ್ಷಗಾನ ಮೇಳ ಕಟ್ಟುವ ಯಜಮಾನ ಐವರು ಅರ್ಜುನರನ್ನು ಸೇರಿಸಿಕೊಂಡರೆ ಪ್ರಸಂಗ ನಡೆಯುವುದಿಲ್ಲ. ಬಣ್ಣದ ವೇಷಕ್ಕೆ, ಸ್ತ್ರೀವೇಷಕ್ಕೆ, ಹಾಸ್ಯಕ್ಕೆ ಅದರದರ ಜನ ಬೇಕು. ಹಾಗಾಗಿ ತಯಾರಿಯ ಮೊದಲ ಕೆಲಸ ಯಾವ ವೇಷಕ್ಕೆ ಜನ ಬೇಕಾಗಿದೆ ಎಂದು ತಿಳಿದುಕೊಳ್ಳುವುದು.

ಯಾವ ಜಾಗ ಖಾಲಿ ಇದೆ

ಬರಿಗಾಲಲ್ಲಿ, ಗೋಡೆಗೆ ಬೆನ್ನು ಕೊಟ್ಟು ಎತ್ತರ ಅಳೆಯಿರಿ. ಶೂ ಹಾಕಿದ ಎತ್ತರವನ್ನು ಫಾರ್ಮಿನಲ್ಲಿ ಬರೆದರೆ ಟ್ರಯಲ್ಸ್‌ನ ಮೊದಲ ಅರ್ಧ ಗಂಟೆಯಲ್ಲೇ ಸುಳ್ಳು ಬಯಲಾಗುತ್ತದೆ. ಅದರ ಜೊತೆಗೆ ಎರಡೂ ತೋಳು ಚಾಚಿದಾಗಿನ ಅಳತೆ, ಕೈ ಎತ್ತಿ ನಿಂತಾಗ ಬೆರಳ ತುದಿ ಮುಟ್ಟುವ ಎತ್ತರ, ಇವೆರಡನ್ನೂ ಬರೆದಿಡಿ. ಡಿಫೆನ್ಸ್‌ಗೆ ಆಳು ಹುಡುಕುವ ಕೋಚ್ ತಲೆಯ ಎತ್ತರಕ್ಕಿಂತ ತೋಳಿನ ಉದ್ದವನ್ನು ಹೆಚ್ಚು ನೋಡುತ್ತಾರೆ.

ಈಗ ಕಹಿ ಮಾತು. ನಮ್ಮ ಅಂತರ ಕಾಲೇಜು ಟೂರ್ನಿಗಳಲ್ಲಿ 188 ಸೆಂ.ಮೀ. ಹುಡುಗ ಸೆಂಟರ್ ಆಡುತ್ತಾನೆ, ರಿಂಗ್ ಕೆಳಗೆ ನಿಂತು ಪಾಯಿಂಟ್ ಮಾಡುತ್ತಾನೆ. ಪ್ರೊ ತಂಡದಲ್ಲಿ ಆ ಜಾಗದಲ್ಲಿ ಎರಡು ಮೀಟರ್ ದಾಟಿದವರು ಇರುತ್ತಾರೆ, ಲೀಗಿನಲ್ಲಿ ವಿದೇಶಿ ಆಟಗಾರರಿಗೆ ಅವಕಾಶ ಇದ್ದರೆ ಅದು ಅವರದ್ದೇ. 188ರವನು ಅಲ್ಲಿ ಗಾರ್ಡ್ ಅಥವಾ ವಿಂಗ್, ಅಂದರೆ ರಿಂಗಿನಿಂದ ದೂರ ನಿಂತು ಹೊರಗಿನಿಂದ ಆಡುವವನು. ಬೆನ್ನು ರಿಂಗಿಗೆ ಹಾಕಿ ಆಡಿ ಬೆಳೆದವನು ಮುಖ ರಿಂಗಿಗೆ ಮಾಡಿ ಆಡಲು ಕಲಿಯಲಿಕ್ಕೆ ಒಂದು ವರ್ಷವಾದರೂ ಬೇಕು. ಟ್ರಯಲ್ಸ್ ಪ್ರಕಟಣೆ ಬಂದ ಮೇಲೆ ಶುರು ಮಾಡಿದರೆ ಆಗುವುದಿಲ್ಲ. ಪದವಿಯ ಎರಡನೇ ವರ್ಷದಲ್ಲೇ ಪ್ರಾಕ್ಟೀಸಿನ ಅರ್ಧ ಸಮಯವನ್ನು ಮುಂದಿನ ಜಾಗಕ್ಕೆ ಕೊಡಬೇಕು, ಕಾಲೇಜು ತಂಡ ನಿಮ್ಮನ್ನು ಪೋಸ್ಟಿನಲ್ಲೇ (ರಿಂಗ್ ಹತ್ತಿರವೇ) ಆಡಿಸುತ್ತಿದ್ದರೂ. ಹುಡುಗಿಯರಿಗೂ ಲೆಕ್ಕ ಇದೇ: ಜಿಲ್ಲೆಯಲ್ಲಿ ಎತ್ತರದವಳಾದ 175 ಸೆಂ.ಮೀ. ಆಟಗಾರ್ತಿ ರಾಷ್ಟ್ರೀಯ ಮಟ್ಟದಲ್ಲಿ ವಿಂಗ್.

2025ರ ಆರಂಭದಲ್ಲಿ ನಡೆದ ಐಎನ್‌ಬಿಎಲ್ (ಇಂಡಿಯನ್ ನ್ಯಾಷನಲ್ ಬಾಸ್ಕೆಟ್‌ಬಾಲ್ ಲೀಗ್) ಪ್ರೊ ಯು25 ಲೀಗಿನಲ್ಲಿ ಚೆನ್ನೈ, ದೆಹಲಿ, ಗುಜರಾತ್, ಹೈದರಾಬಾದ್, ಮುಂಬೈ, ಪಂಜಾಬ್ ಹೆಸರಿನ ಆರು ತಂಡಗಳಿದ್ದವು. ಇಂಥ ಲೀಗಿನ ಪಂದ್ಯಗಳ ವಿಡಿಯೋ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಮೂರು ಪಂದ್ಯ ಇಟ್ಟುಕೊಂಡು ಕೂರಿ, ಸ್ಟಾರ್‌ಗಳನ್ನು ಬಿಟ್ಟುಬಿಡಿ. ಆರನೆಯವನಿಂದ ಒಂಬತ್ತನೆಯವನವರೆಗೆ ಬೆಂಚಿನಿಂದ ಎದ್ದು ಬರುವವರನ್ನು ಮಾತ್ರ ನೋಡಿ. ಯಾವ ನಿಮಿಷಕ್ಕೆ ಬಂದ, ಯಾರ ಬದಲು ಬಂದ, ಎದುರಾಳಿಯಲ್ಲಿ ಯಾರನ್ನು ಕಾಯಲಿಕ್ಕೆ ಕೊಟ್ಟರು, ಎಷ್ಟು ಸಲ ಚೆಂಡು ಮುಟ್ಟಿದ, ಏನು ಮಾಡಿದ್ದಕ್ಕೆ ವಾಪಸ್ ಕರೆದರು, ಇದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ. ಎರಡನೇ ಪಂದ್ಯ ಮುಗಿಯುವಾಗಲೇ ಒಂದು ಚಿತ್ರ ಮೂಡುತ್ತದೆ: ಬೆಂಚಿನಿಂದ ಬರುವವರಿಗೆ ಸಿಗುವ ಕೆಲಸ ಹೆಚ್ಚೆಂದರೆ ನಾಲ್ಕು ಬಗೆಯದು. ಎದುರಾಳಿಯ ಮುಖ್ಯ ಗಾರ್ಡ್‌ನ ಬೆನ್ನು ಬಿಡದೆ ಕಾಯುವವನು. ಕಾರ್ನರ್‌ನಲ್ಲಿ ನಿಂತು ತ್ರೀ (ಮೂರು ಪಾಯಿಂಟಿನ ಶಾಟ್) ಹೊಡೆಯುವವನು. ಪ್ರೆಸ್ ಬಿದ್ದಾಗ, ಅಂದರೆ ಎದುರಾಳಿಗಳು ನಮ್ಮ ಅರ್ಧದಲ್ಲೇ ಮೈಮೇಲೆ ಬಿದ್ದು ಕಾಯುವಾಗ, ಚೆಂಡು ಕಳೆದುಕೊಳ್ಳದೆ ಅರ್ಧಗೆರೆ ದಾಟಿಸುವ ಎರಡನೇ ಪಾಯಿಂಟ್ ಗಾರ್ಡ್. ಸ್ಕ್ರೀನ್ ಹಾಕಿ (ಜೊತೆಗಾರನನ್ನು ಕಾಯುವವನಿಗೆ ಅಡ್ಡ ನಿಂತು), ಬಾಕ್ಸ್‌ಔಟ್ ಮಾಡಿ (ಎದುರಾಳಿಯನ್ನು ಬೆನ್ನಿನಿಂದ ತಡೆದು), ರೀಬೌಂಡ್ (ತಪ್ಪಿದ ಶಾಟಿನ ಚೆಂಡು) ಹಿಡಿಯುವ ದೊಡ್ಡಾಳು. ಇವುಗಳಲ್ಲಿ ಒಂದನ್ನು ನಿಮ್ಮದಾಗಿ ಆರಿಸಿ, ಇನ್ನೊಂದನ್ನು ಅರ್ಧಕ್ಕಾದರೂ ಕಲಿಯಿರಿ.

ಅಮೆರಿಕದ ಪ್ರೊ ಲೀಗ್ ಎನ್‌ಬಿಎಯಲ್ಲೂ ಇದೇ ದಾರಿಯಲ್ಲಿ ಮೇಲೆ ಬಂದವರಿದ್ದಾರೆ. ಅಲ್ಲಿ ತಂಡಕ್ಕೆ 15 ಪೂರ್ಣ ಒಪ್ಪಂದ, ಅದರ ಮೇಲೆ ಅದರದ್ದೇ ಕಿರಿಯ ಲೀಗಾದ ಜಿ ಲೀಗ್ ಜೊತೆ ಹಂಚಿಕೊಂಡು ಆಡುವ ಮೂರು ಟೂ-ವೇ ಒಪ್ಪಂದ. ಅಲೆಕ್ಸ್ ಕರೂಸೊ 2016ರ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ದಿನ) ಯಾರಿಗೂ ಬೇಡವಾಗಿದ್ದವನು. ಜಿ ಲೀಗ್‌ನಿಂದ 2017ರಲ್ಲಿ ಲೇಕರ್ಸ್‌ನ ಟೂ-ವೇ ಒಪ್ಪಂದಕ್ಕೆ ಬಂದ. 2020ರಲ್ಲಿ ಲೇಕರ್ಸ್ ಜೊತೆ, 2025ರಲ್ಲಿ ಒಕ್ಲಹೋಮ ಸಿಟಿ ಥಂಡರ್ ಜೊತೆ ಚಾಂಪಿಯನ್ ಆದ. ಅದೇ ಥಂಡರ್ ತಂಡದ ಲೂ ಡಾರ್ಟ್ ಕೂಡ ಡ್ರಾಫ್ಟ್ ಆಗದೆ 2019ರಲ್ಲಿ ಟೂ-ವೇ ಮೂಲಕವೇ ಒಳಗೆ ಬಂದವನು. ಇಬ್ಬರನ್ನೂ ಉಳಿಸಿದ್ದು ಡಿಫೆನ್ಸ್. ಡಂಕನ್ ರಾಬಿನ್‌ಸನ್ 2018ರಲ್ಲಿ ಮಯಾಮಿಗೆ ಬಂದದ್ದು ದೂರದಿಂದ ಶಾಟ್ ಹಾಕುವ ಒಂದೇ ವಿದ್ಯೆಯಿಂದ.

ಕ್ಲೋಸ್‌ಔಟ್

ಒಂದೇ ಒಂದು ವಿಷಯಕ್ಕೆ ಆರು ತಿಂಗಳು ಕೊಡಬೇಕೆಂದರೆ ಕ್ಲೋಸ್‌ಔಟ್‌ಗೆ ಕೊಡಿ. ಜೊತೆಗಾರನ ಹೆಲ್ಪ್‌ಗಾಗಿ ಪೈಂಟ್ (ರಿಂಗ್ ಮುಂದಿನ ಗೆರೆ ಹಾಕಿದ ಜಾಗ) ಒಳಗೆ ಬಂದಿರುವ ನೀವು, ಚೆಂಡು ಕಾರ್ನರ್‌ಗೆ ಹೋದಾಗ ಸುಮಾರು ಆರು ಮೀಟರ್ ಓಡಿ ಶೂಟರ್ ಮುಂದೆ ನಿಲ್ಲಬೇಕು. ಟ್ರಯಲ್ಸ್‌ನ ಐದಕ್ಕೈದು ಆಟದಲ್ಲಿ ಇದು ಮತ್ತೆ ಮತ್ತೆ ಬರುತ್ತದೆ, ಕಾಲೇಜು ಆಟಗಾರರು ಸಿಕ್ಕಿಬೀಳುವುದೂ ಇಲ್ಲಿಯೇ.

ಓಟ ಶುರುವಾಗಬೇಕಾದ್ದು ಪಾಸ್ ಕೈ ಬಿಟ್ಟ ಕ್ಷಣದಲ್ಲಿ. ಶೂಟರ್ ಕೈಗೆ ಚೆಂಡು ಸೇರಿದ ಮೇಲೆ ಹೊರಟವರು ತಲುಪುವುದೇ ಇಲ್ಲ. ಮೊದಲ ನಾಲ್ಕು ಮೀಟರ್ ಉದ್ದ ಹೆಜ್ಜೆಯಲ್ಲಿ ಪೂರ್ತಿ ವೇಗ. ಕೊನೆಯ ಒಂದೂವರೆ ಎರಡು ಮೀಟರಿನಲ್ಲಿ ಹೆಜ್ಜೆ ಸಣ್ಣದಾಗಬೇಕು, ಸೊಂಟ ಕೆಳಗಿಳಿಯಬೇಕು, ದೇಹದ ಭಾರ ಹಿಂದಕ್ಕೆ ಉಳಿಯಬೇಕು. ಒಂದು ಕೈ ಮೇಲೆ: ಶೂಟರ್ ಬಲಗೈಯವನಾದರೆ ನಿಮ್ಮ ಎಡಗೈ, ಅವನ ಕಣ್ಣು ಮತ್ತು ಚೆಂಡಿನ ನಡುವೆ. ಒಂದು ಪಾದ ಮುಂದೆ, ಒಂದು ಹಿಂದೆ. ಯಾವುದು ಮುಂದೆ ಎನ್ನುವುದು ತಂಡದ ನಿಯಮ. ಮಧ್ಯಕ್ಕೆ ಬಿಡಬಾರದು ಎಂದಿದ್ದರೆ ಮಧ್ಯದ ಕಡೆಯ ಪಾದ ಮುಂದೆ, ಆಗ ಅವನಿಗೆ ಬೇಸ್‌ಲೈನ್ (ರಿಂಗ್ ಹಿಂದಿನ ಗೆರೆ) ಕಡೆ ಮಾತ್ರ ದಾರಿ. ಟ್ರಯಲ್ಸ್‌ನ ಮೊದಲ ದಿನವೇ ಕೋಚ್ ಹತ್ತಿರ ‘ಸರ್, ಬೇಸ್‌ಲೈನ್‌ಗೆ ಕಳಿಸಬೇಕಾ, ಮಿಡಲ್‌ಗಾ?’ ಎಂದು ಕೇಳಿಬಿಡಿ.

ತಪ್ಪುಗಳು ಹೆಚ್ಚಾಗಿ ಮೂರು. ನೆಟ್ಟಗೆ ನಿಂತು ತಲುಪುವುದು: ಶೂಟರ್ ಒಂದೇ ಡ್ರಿಬಲ್‌ಗೆ ನಿಮ್ಮನ್ನು ದಾಟಿ ಹೋಗುತ್ತಾನೆ. ಪಂಪ್ ಫೇಕ್‌ಗೆ (ಶಾಟ್ ಹೊಡೆಯುವಂತೆ ನಟಿಸಿದ್ದಕ್ಕೆ) ಹಾರುವುದು: ಇದಕ್ಕೆ ಕಾರಣ ಚೆಂಡನ್ನು ನೋಡುವುದು, ಅವನ ಹೊಟ್ಟೆಯ ಭಾಗ ನೋಡಿದರೆ ಅರ್ಧ ಹಾರಾಟ ಕಡಿಮೆಯಾಗುತ್ತದೆ. ಮೂರನೆಯದು ಅಪಾಯಕಾರಿ: ಹಾರಿದ ಶೂಟರ್ ಕೆಳಗಿಳಿಯುವ ಜಾಗಕ್ಕೆ ಪಾದ ಹಾಕುವುದು. ಅವನ ಪಾದದ ಗಂಟು ಹೋಗುತ್ತದೆ, ನಿಮಗೆ ಫೌಲ್ ಬೀಳುತ್ತದೆ, ಕ್ಯಾಂಪಿನಲ್ಲಿ ಆ ಹೆಸರು ಅಂಟಿಕೊಂಡರೆ ಬಿಡುವುದಿಲ್ಲ.

ಅಭ್ಯಾಸಕ್ಕೆ ಒಬ್ಬ ಗೆಳೆಯ, ಒಂದು ಚೆಂಡು ಸಾಕು. ನೀವು ರಿಂಗ್ ಕೆಳಗೆ, ಅವನು ಕಾರ್ನರ್‌ನಲ್ಲಿ. ಪಾಸ್ ಕೊಟ್ಟು ಓಡಿ. ಅವನಿಗೆ ಮೂರು ಡ್ರಿಬಲ್‌ವರೆಗೆ ಅವಕಾಶ. ಆರು ಸಲ ಮಾಡಿದರೆ ಒಂದು ಸೆಟ್, ನಡುವೆ ಒಂದು ನಿಮಿಷ ವಿರಾಮ, ದಿನಕ್ಕೆ ನಾಲ್ಕು ಸೆಟ್. ಎಷ್ಟು ಸಲ ತಡೆದಿರಿ ಎಂದು ಎಣಿಸಿ. 24ರಲ್ಲಿ 14 ತಡೆಯುವವರೆಗೆ ಹೊಸ ಡ್ರಿಲ್ ಬೇಡ.

ಸ್ಕ್ರೀನ್ ಬಂದಾಗ ಮಾಡಬೇಕಾದ್ದೂ ಡಿಫೆನ್ಸ್‌ನ ಭಾಗ. ಡ್ರಾಪ್ (ದೊಡ್ಡಾಳು ಹಿಂದೆ ಸರಿದು ಕಾಯುವುದು), ಸ್ವಿಚ್ (ಕಾಯುವವರು ಅದಲುಬದಲಾಗುವುದು), ಶೋ (ದೊಡ್ಡಾಳು ಒಂದು ಕ್ಷಣ ಮುಂದೆ ಬಂದು ತಡೆಯುವುದು), ಐಸ್ (ಸ್ಕ್ರೀನ್ ಕಡೆ ಬಿಡದೆ ಪಕ್ಕದ ಗೆರೆಯತ್ತ ತಳ್ಳುವುದು) ಎಂಬ ನಾಲ್ಕು ಕರೆಗಳು ಏನೆಂದು ಹೋಗುವ ಮೊದಲೇ ತಿಳಿದಿರಬೇಕು, ಕ್ಯಾಂಪಿನಲ್ಲಿ ಯಾರೂ ಕುಳಿತು ಪಾಠ ಹೇಳುವುದಿಲ್ಲ. ಕರೆಯುವುದೂ ಅಷ್ಟೇ ಮುಖ್ಯ. ಇಲ್ಲಿ ತುಳುವಿನಲ್ಲಿ ಕೂಗಿ ಅಭ್ಯಾಸವಾದವರು ಬೇರೆ ಊರಿನ ಕ್ಯಾಂಪಿನಲ್ಲಿ ಬಾಯಿ ಮುಚ್ಚಿಬಿಡುತ್ತಾರೆ. ಅಲ್ಲಿನ ಮಾತು ಇಂಗ್ಲಿಷ್, ಹಿಂದಿ. ‘ಸ್ಕ್ರೀನ್ ಲೆಫ್ಟ್’, ‘ಐ ಗಾಟ್ ಬಾಲ್’, ‘ಹೆಲ್ಪ್ ರೈಟ್’ ಎಂಬ ಮೂರ್ನಾಲ್ಕು ಕೂಗನ್ನು ಇಲ್ಲಿಯ ಪ್ರಾಕ್ಟೀಸಿನಲ್ಲೇ ಗಂಟಲಿಗೆ ರೂಢಿ ಮಾಡಿಸಿ. ಸ್ಕ್ರೀನ್ ಮೈಗೆ ತಾಗುವ ಮೊದಲೇ ಕೂಗು ಬರಬೇಕು.

ಕಾರ್ನರ್ ಶಾಟ್, ಹಳೇ ಗೆರೆಗಳು

ಶಾಟ್ ಅಭ್ಯಾಸಕ್ಕೆ ಮೊದಲು ಒಂದು ಟೇಪ್ ತನ್ನಿ. ತ್ರೀ ಪಾಯಿಂಟ್ ಗೆರೆ 2010ರಲ್ಲಿ 6.25 ಮೀಟರಿನಿಂದ 6.75ಕ್ಕೆ ಹೋಯಿತು, ಪೈಂಟ್ ಕೂಡ ಓರೆ ಆಕಾರದಿಂದ ಆಯತವಾಯಿತು. ಹಳೇ ಶಾಲಾ ಕೋರ್ಟುಗಳಲ್ಲಿ ಹಿಂದಿನ ಗೆರೆಯ ಮೇಲೆಯೇ ಬಣ್ಣ ಬಳಿಯುತ್ತ ಬಂದಿದ್ದರೆ ನೀವು ಅರ್ಧ ಮೀಟರ್ ಹತ್ತಿರದಿಂದ ಅಭ್ಯಾಸ ಮಾಡುತ್ತಿದ್ದೀರಿ ಎಂದರ್ಥ. ಬೇಸ್‌ಲೈನಿನ ಒಳಅಂಚಿನಿಂದ 1.575 ಮೀಟರ್ ಮುಂದೆ, ರಿಂಗಿನ ನಡುವಿನ ನೇರ ಕೆಳಗೆ ಒಂದು ಗುರುತು ಹಾಕಿ. ಅಲ್ಲಿಂದ 6.75 ಮೀಟರ್ ಹಗ್ಗ ಹಿಡಿದು ಸುಣ್ಣದಲ್ಲಿ ಕಮಾನು ಎಳೆಯಿರಿ. ಕಾರ್ನರ್‌ನಲ್ಲಿ ಗೆರೆ ನೇರವಾಗಿರುತ್ತದೆ, ಪಕ್ಕದ ಗೆರೆಯಿಂದ 90 ಸೆಂ.ಮೀ. ಒಳಗೆ. ಅಲ್ಲಿ ರಿಂಗಿಗೆ ದೂರ 6.60. ರಿಂಗ್ ಎತ್ತರವನ್ನೂ ಅಳೆಯಿರಿ: ನೆಲದಿಂದ 3.05 ಮೀಟರ್. ನೇತಾಡಿ ನೇತಾಡಿ ಬಾಗಿದ ರಿಂಗುಗಳು ನಮ್ಮಲ್ಲಿ ಕಡಿಮೆಯಿಲ್ಲ.

ಆ 90 ಸೆಂ.ಮೀ. ಪಟ್ಟಿಯಲ್ಲಿ ನಿಲ್ಲುವುದೇ ಒಂದು ಕೌಶಲ. 11-12ನೇ ಸೈಜಿನ ಶೂ ಹಾಕಿದವರು ಪಾಸ್ ಹಿಡಿಯುವಾಗ ಒಂದು ಹೆಜ್ಜೆ ಹಿಂದೆ ಸರಿದರೆ ಔಟ್, ಮುಂದೆ ಸರಿದರೆ ಎರಡೇ ಪಾಯಿಂಟ್. ಪಾಸ್ ಬರುವ ಮೊದಲೇ ಮೊಣಕಾಲು ಬಾಗಿಸಿ, ಪಾದ ಸಿದ್ಧವಾಗಿಟ್ಟು, ಹಿಡಿದ ಜಾಗದಲ್ಲೇ ಎತ್ತುವುದನ್ನು ಕಲಿಯಬೇಕು. ಚೆಂಡನ್ನು ಸೊಂಟದವರೆಗೆ ಇಳಿಸಿ ಎತ್ತುವ ಚಾಳಿ ಇದ್ದರೆ ಬಿಡಿಸಿ, ಆ ಅರ್ಧ ಸೆಕೆಂಡಿನಲ್ಲಿ ಡಿಫೆಂಡರ್ ಬಂದಿರುತ್ತಾನೆ.

ಇಷ್ಟೊಂದು ಒತ್ತು ಏಕೆಂದರೆ ಲೆಕ್ಕ ಹಾಗಿದೆ. 100 ತ್ರೀಯಲ್ಲಿ 35 ಹೋದರೆ 105 ಪಾಯಿಂಟ್. ನಡುದೂರದಿಂದ 100ರಲ್ಲಿ 40 ಹೋದರೂ 80 ಮಾತ್ರ. ಕಾಲೇಜಿನಲ್ಲಿ ಚಪ್ಪಾಳೆ ಗಿಟ್ಟಿಸುವ, ಹಿಂದಕ್ಕೆ ಹಾರುತ್ತ ಹೊಡೆಯುವ ಫೇಡ್‌ಅವೇ ಶಾಟಿಗೆ ಟ್ರಯಲ್ಸ್‌ನಲ್ಲಿ ಬೆಲೆ ಇಲ್ಲದಿರುವುದು ಇದಕ್ಕೇ.

ವಾರಕ್ಕೆ ನಾಲ್ಕು ದಿನ, ಐದು ಜಾಗದಿಂದ ತಲಾ 20. ಪಾಸ್ ಕೊಡಲಿಕ್ಕೆ ಒಬ್ಬರು ಇರಲೇಬೇಕು; ತಾನೇ ಡ್ರಿಬಲ್ ಮಾಡಿ ಹೊಡೆಯುವ ಅಭ್ಯಾಸದಿಂದ ಈ ಕೆಲಸಕ್ಕೆ ಪ್ರಯೋಜನ ಕಡಿಮೆ. ಯಾರೂ ಅಡ್ಡ ಇಲ್ಲದೆ 100ರಲ್ಲಿ 60 ಹೋಗದವರಿಗೆ ಪಂದ್ಯದಲ್ಲಿ 30 ದಾಟುವುದು ಕಷ್ಟ. ಫ್ರೀ ಥ್ರೋವನ್ನು ದಣಿದಾಗ ಮಾತ್ರ ಹೊಡೆಯಿರಿ: ಓಟದ ಪ್ರತಿ ಸುತ್ತಿನ ನಂತರ ಎರಡೆರಡು. ಪಂದ್ಯದಲ್ಲಿ ಅದು ಸಿಗುವುದೂ ಏದುಸಿರಲ್ಲೇ.

ಎರಡನೇ ಪಾಯಿಂಟ್ ಗಾರ್ಡ್ ಆಗಬೇಕೆನ್ನುವವರಿಗೆ ಗಡಿಯಾರವೇ ಗುರು. ಅರ್ಧಗೆರೆ ದಾಟಲಿಕ್ಕೆ 8 ಸೆಕೆಂಡ್, ಶಾಟಿಗೆ 24, ನಮ್ಮ ಶಾಟ್ ರಿಂಗಿಗೆ ತಾಗಿ ನಾವೇ ರೀಬೌಂಡ್ ಹಿಡಿದರೆ 14. ಇಬ್ಬರು ಡಿಫೆಂಡರ್‌ಗಳನ್ನು ಎದುರಿಗಿಟ್ಟು, ಒಬ್ಬರು ಗಟ್ಟಿಯಾಗಿ ಎಣಿಸುತ್ತಿರುವಾಗ ಚೆಂಡು ದಾಟಿಸಿ. ಕ್ವಾರ್ಟರ್ ಮುಗಿಯಲು 35 ಸೆಕೆಂಡ್ ಇದೆ ಎಂದಾಗ ಬೇಗ ಒಂದು ಒಳ್ಳೆಯ ಶಾಟ್ ಹುಡುಕಿ. 30 ಸೆಕೆಂಡ್ ಉಳಿದಿರುವಾಗ ಶಾಟ್ ಆದರೆ ಎದುರಾಳಿ 24 ಸೆಕೆಂಡ್ ಪೂರ್ತಿ ಬಳಸಿದರೂ ಕೊನೆಯ ಆಟ ನಿಮ್ಮದು. ಇಷ್ಟು ತಿಳಿದಿರುವ ಹುಡುಗ ಸಿಕ್ಕಿದರೆ ಕೋಚ್ ಹೆಸರು ಬರೆದುಕೊಳ್ಳುತ್ತಾರೆ.

ದೊಡ್ಡಾಳುಗಳು ಸ್ಕ್ರೀನ್ ಹಾಕುವಾಗ ನಿಂತ ಮೇಲೆ ಅಲುಗಬಾರದು. ಗೆಳೆಯ ದಾಟುವ ಮೊದಲೇ ರೋಲ್ ಮಾಡಲು (ತಿರುಗಿ ರಿಂಗಿನತ್ತ ಓಡಲು) ಹೊರಟರೆ ಸೊಂಟ ಹೊರಗೆ ಬರುತ್ತದೆ, ಫೌಲ್. ರೀಬೌಂಡಿಗೆ ಚೆಂಡನ್ನು ನೋಡುತ್ತ ನಿಲ್ಲುವುದು ಎಲ್ಲರ ರೋಗ. ಶಾಟ್ ಎದ್ದ ಕೂಡಲೇ ಮೊದಲು ಎದುರಾಳಿಯನ್ನು ಹುಡುಕಿ, ಮುಂಗೈಯಿಂದ ಮುಟ್ಟಿ, ತಿರುಗಿ ಕೂತು, ಆಮೇಲೆ ಚೆಂಡು.

ಮಳೆ, ಕಾಂಕ್ರೀಟ್, ಬೆವರು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹೊರಾಂಗಣ ಕೋರ್ಟು ಪಾಚಿ ಕಟ್ಟುತ್ತದೆ. ಅದರ ಮೇಲೆ ದಿಕ್ಕು ಬದಲಿಸಿದರೆ ಮೊಣಕಾಲಿಗೆ ಅಪಾಯ, ಮಳೆ ನಿಂತ ಮಧ್ಯಾಹ್ನವೂ ಬೇಡ. ಈ ನಾಲ್ಕು ತಿಂಗಳು ಮೈ ಕಟ್ಟುವುದಕ್ಕೆ, ಕಾಲೇಜಿನ ಶೆಡ್ಡಿನಲ್ಲಿ ಚೆಂಡು ಹಿಡಿದು ಮಾಡುವ ಕೆಲಸಕ್ಕೆ ಇರಲಿ. ಮಣಿಪಾಲದ ಮರೇನಾದಂಥ ಒಳಾಂಗಣ ಕೋರ್ಟಿಗೆ ಪ್ರವೇಶ ಸಿಗುವವರು ಅದನ್ನು ಶಾಟಿಗೆ ಬಳಸಲಿ. ಮರದ ನೆಲದಲ್ಲಿ ಶೂ ಹಿಡಿತವೇ ಬೇರೆ: ಕಾಂಕ್ರೀಟಿನಲ್ಲಿ ಸ್ವಲ್ಪ ಜಾರಿ ನಿಲ್ಲುವ ಕಾಲು ಅಲ್ಲಿ ಗಕ್ಕನೆ ನಿಲ್ಲುತ್ತದೆ, ಧೂಳಿದ್ದರೆ ಉಲ್ಟಾ ಜಾರುತ್ತದೆ. ಟ್ರಯಲ್ಸ್‌ಗೆ ಮೊದಲು ಎರಡು ವಾರವಾದರೂ ಮರದ ನೆಲದಲ್ಲಿ ಆಡಿಬಿಡಿ, ಅದಕ್ಕಾಗಿ ಬೇರೆ ಜೋಡಿ ಶೂ ಇಡಿ. ಕಾಂಕ್ರೀಟಿಗೆ ಹಾಕಿದ ಶೂವಿನ ತಳ ಸವೆದಿರುತ್ತದೆ. ರಬ್ಬರ್ ಚೆಂಡಿನಲ್ಲೇ ಬೆಳೆದವರು ಕಾಂಪೊಸಿಟ್ ಲೆದರ್ ಚೆಂಡನ್ನೂ ಕೈಗೆ ಒಗ್ಗಿಸಿಕೊಳ್ಳಬೇಕು: ಗಂಡಸರಿಗೆ 7ನೇ ಸೈಜ್, ಹೆಂಗಸರಿಗೆ 6.

ಓಟಕ್ಕೆ ಬೇರೆ ಮೈದಾನ ಬೇಡ. ಕೋರ್ಟಿನ ಅಗಲ 15 ಮೀಟರ್. ಈ ಪಕ್ಕದ ಗೆರೆಯಿಂದ ಆ ಗೆರೆಗೆ 17 ಸಲ ಓಡಿದರೆ 255 ಮೀಟರ್. ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು, ದೊಡ್ಡಾಳುಗಳಿಗೆ ನಾಲ್ಕೈದು ಸೆಕೆಂಡ್ ರಿಯಾಯಿತಿ. ಎರಡು ನಿಮಿಷ ವಿರಾಮ ಕೊಟ್ಟು ಮೂರು ಸುತ್ತು, ವಾರಕ್ಕೆ ಎರಡೇ ದಿನ. ಕಾಂಕ್ರೀಟಿನ ಮೇಲೆ ಅದಕ್ಕಿಂತ ಹೆಚ್ಚು ಮಾಡಿದರೆ ಮೊಣಕಾಲ ಚಿಪ್ಪಿನ ಕೆಳಗೆ ನೋವು ಶುರುವಾಗುತ್ತದೆ, ಟ್ರಯಲ್ಸ್ ಹೊತ್ತಿಗೆ ಹಾರಲಿಕ್ಕೆ ಆಗುವುದಿಲ್ಲ. ಲೇನ್ ಅಜಿಲಿಟಿ ಎಂಬ ಪರೀಕ್ಷೆಯನ್ನೂ ಪೈಂಟ್ ಸುತ್ತಲೇ ಮಾಡಬಹುದು, 4.9 ಮೀಟರ್ ಅಗಲ, 5.8 ಮೀಟರ್ ಉದ್ದ. ಬೇಸ್‌ಲೈನಿಗೆ ಮುಖ ಮಾಡಿ ಫ್ರೀ ಥ್ರೋ ಗೆರೆಯ ಮೂಲೆಯಿಂದ ಮುಂದಕ್ಕೆ ಓಟ, ಬೇಸ್‌ಲೈನಿನಲ್ಲಿ ಪಕ್ಕಕ್ಕೆ ಸ್ಲೈಡ್, ಹಿಂದಕ್ಕೆ ಓಟ, ಮತ್ತೆ ಸ್ಲೈಡ್, ಅದೇ ದಾರಿಯಲ್ಲಿ ತಿರುಗಿ ವಾಪಸ್. ಎನ್‌ಬಿಎ ಪರೀಕ್ಷೆಗಳಲ್ಲಿ ಇದು 11 ಸೆಕೆಂಡ್ ಆಸುಪಾಸಿನಲ್ಲಿ ಮುಗಿಯುತ್ತದೆ. ಸ್ಲೈಡ್‌ನಲ್ಲಿ ಪಾದ ಒಂದಕ್ಕೊಂದು ದಾಟಿಸಿದರೆ ಲೆಕ್ಕಕ್ಕಿಲ್ಲ.

ನಮ್ಮ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ. ಪ್ರಾಕ್ಟೀಸಿಗೆ ಮೊದಲು, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹೋಗಿದೆ, ಮುಂದಿನ ಕೆಲವು ಗಂಟೆಗಳಲ್ಲಿ ಕಾಲು ಭಾಗದಿಂದ ಅರ್ಧ ಭಾಗ ಹೆಚ್ಚು ಸೇರಿಸಿ ಕುಡಿಯಬೇಕು. ಬರೀ ನೀರು ಸಾಲದು. ಬೊಂಡದಲ್ಲಿ ಪೊಟ್ಯಾಷಿಯಂ ಚೆನ್ನಾಗಿದೆ, ಸೋಡಿಯಂ ಕಡಿಮೆ, ಹಾಗಾಗಿ ಚಿಟಿಕೆ ಉಪ್ಪು ಬೆರೆಸಿ. ಇಲ್ಲವಾದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದಲ್ಲಿ ಹೇಳಿದಷ್ಟೇ ನೀರಿಗೆ ಹಾಕಿ.

ತಿನ್ನುವುದರಲ್ಲಿ ಲೆಕ್ಕ ಇಡಬೇಕಾದ್ದು ಪ್ರೋಟೀನ್. ಕಿಲೋ ತೂಕಕ್ಕೆ 1.6 ಗ್ರಾಂನಂತೆ 75 ಕಿಲೋದವರಿಗೆ ದಿನಕ್ಕೆ 120 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6, ನೂರು ಗ್ರಾಂ ಬಂಗುಡೆಯಲ್ಲಿ 19-20, ಒಂದು ದೊಡ್ಡ ಲೋಟ ಹಾಲಿನಲ್ಲಿ 8. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ ಇರುವಾಗ ತಾಜಾ ಮೀನಿನ ಬೆಲೆ ಏರುತ್ತದೆ. ಆಗ ಮೊಟ್ಟೆ, ಕೋಳಿ, ಹೆಸರುಕಾಳು, ಕಡ್ಲೆ ಹೆಚ್ಚು ಮಾಡಿ. ಒಣಮೀನಿನಲ್ಲಿ ಉಪ್ಪು ವಿಪರೀತ, ಪ್ರೋಟೀನಿಗೆಂದು ಅದನ್ನೇ ನೆಚ್ಚಬೇಡಿ. ಪಂದ್ಯಕ್ಕೆ ಮೂರು ಗಂಟೆ ಮೊದಲು ಕುಚ್ಚಲಕ್ಕಿ ಗಂಜಿ, ಪಲ್ಯ, ಎರಡು ಮೊಟ್ಟೆ ಚೆನ್ನಾಗಿ ಹೊಂದುತ್ತದೆ.

ಕಾಗದಪತ್ರ, ವಿಡಿಯೋ

ಆಧಾರ್, ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮೂರರಲ್ಲೂ ಹುಟ್ಟಿದ ದಿನಾಂಕ, ಹೆಸರಿನ ಅಕ್ಷರ ಒಂದೇ ಇರಬೇಕು. ಇಲ್ಲದಿದ್ದರೆ ಈಗಲೇ ಸರಿಪಡಿಸಿ. ಬೇರೆ ಕ್ಲಬ್ಬಿಗೆ ಆಡಿದ್ದರೆ ಅವರಿಂದ ಎನ್‌ಒಸಿ ಬೇಕಾಗಬಹುದು. ಕಾಣಿಸಿಕೊಳ್ಳುವ ದಾರಿ ಇಲ್ಲಿಂದ ಹೆಚ್ಚಾಗಿ ಎರಡು: ಮಂಗಳೂರು ವಿ.ವಿ. ಅಥವಾ ಡೀಮ್ಡ್ ವಿ.ವಿ. ತಂಡದ ಮೂಲಕ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಟೂರ್ನಿ, ಇಲ್ಲವೇ ಬೆಂಗಳೂರಿನ ಯಾವುದಾದರೂ ಕ್ಲಬ್ಬಿಗೆ ಸೇರಿ ರಾಜ್ಯ ಮಟ್ಟದ ಪಂದ್ಯಗಳು.

ವಿಡಿಯೋ ನಾಲ್ಕು ನಿಮಿಷ ಮೀರದಿರಲಿ. ಫೋನ್ ಅಡ್ಡ ಹಿಡಿದು, ಅರ್ಧಗೆರೆಯ ಪಕ್ಕ, ಗ್ಯಾಲರಿಯ ಎತ್ತರದಿಂದ ತೆಗೆಸಿ, ಹತ್ತೂ ಜನ ಕಾಣಬೇಕು. ಮೊದಲ ಪರದೆಯಲ್ಲಿ ಹೆಸರು, ಹುಟ್ಟಿದ ವರ್ಷ, ಬರಿಗಾಲ ಎತ್ತರ, ತೂಕ, ಜೆರ್ಸಿ ನಂಬರ್. ಅರ್ಧ ಭಾಗ ಡಿಫೆನ್ಸ್ ಇರಲಿ. ಹಾಡು ಬೇಡ. ಜೊತೆಗೆ ಕತ್ತರಿಸದ ಒಂದು ಪೂರ್ಣ ಪಂದ್ಯದ ಲಿಂಕ್ ಕೊಡಿ. ಗಂಭೀರವಾಗಿ ನೋಡುವ ಕೋಚ್ ಅದನ್ನೇ ತೆರೆಯುತ್ತಾರೆ.

ಟ್ರಯಲ್ಸ್

ಬೆಂಗಳೂರಿಗಾದರೆ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಏಳಕ್ಕೆ ಇಳಿದು ಒಂಬತ್ತಕ್ಕೆ ಕೋರ್ಟಿಗೆ ಇಳಿಯುವುದು ನಮ್ಮವರ ರೂಢಿ. ಎರಡು ಇಂಚು ಜಿಗಿತ ಅಲ್ಲೇ ಹೋಗುತ್ತದೆ. ಉದ್ದ ಕಾಲಿನವರು ಬಸ್ಸಿನಲ್ಲಿ ಮಡಚಿ ಮಲಗಿದರೆ ಸೊಂಟ ಬಿಗಿಯುತ್ತದೆ. ಒಂದೂವರೆ ದಿನ ಮೊದಲು ತಲುಪಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ರಸ್ತೆ ಬಂದ್, ಘಾಟಿಯಲ್ಲಿ ರೈಲೂ ನಿಲ್ಲಬಹುದು, ಆಗ ಇನ್ನೂ ಒಂದು ದಿನ ಕೈಯಲ್ಲಿರಲಿ. ಮುಂಬೈಗೆ ಮತ್ಸ್ಯಗಂಧ ಇದೆ, ಉಡುಪಿಯವರಿಗೂ ಅನುಕೂಲ.

ಶೂ, ಚೆಂಡು, ಪಾದದ ಗಂಟಿನ ಟೇಪ್ ಕೈಚೀಲದಲ್ಲೇ ಇರಲಿ. ಬಿಬ್ ನಂಬರ್ ಸಿಕ್ಕಿದ ಕೂಡಲೇ ನಿಮ್ಮ ಐವರ ಹೆಸರು ಕೇಳಿ ತಿಳಿದುಕೊಳ್ಳಿ, ಹೆಸರು ಹಿಡಿದು ಕೂಗಿದರೆ ಪಾಸ್ ಬರುತ್ತದೆ. ಅಪರಿಚಿತರ ತಂಡದಲ್ಲಿ ಎಲ್ಲರೂ ತನಗೇ ಪಾಯಿಂಟ್ ಬೇಕು ಎಂದು ಆಡುತ್ತಾರೆ, ಚೆಂಡು ಬರಲಿಲ್ಲ ಎಂದು ಕೈ ಎತ್ತಿ ಗೊಣಗುವವರು ಅಲ್ಲೇ ಕಳೆದುಹೋಗುತ್ತಾರೆ. ಚೆಂಡಿಲ್ಲದೆಯೂ ಕಣ್ಣಿಗೆ ಬೀಳುವ ದಾರಿಗಳಿವೆ. ಎದುರಾಳಿ ಶಾಟ್ ತಪ್ಪಿದ ಕೂಡಲೇ ಪಕ್ಕದ ಗೆರೆ ಹಿಡಿದು ಪೂರ್ತಿ ಓಡಿ, ಮೂರು ಸಲ ಓಡಿದರೆ ಒಂದು ಪಾಸ್ ಸಿಗುತ್ತದೆ. ಚೆನ್ನಾಗಿ ಹೊಡೆಯುತ್ತಿರುವವನಿಗೆ ಸ್ಕ್ರೀನ್ ಹಾಕಿ. ಚೆಂಡು ಕಳೆದುಕೊಂಡರೆ ತಲೆ ಹಿಡಿಯಬೇಡಿ, ಎಲ್ಲರಿಗಿಂತ ಮೊದಲು ವಾಪಸ್ ಓಡಿ. ಕೋಚ್ ಆ ತಪ್ಪಿಗಿಂತ ಅದರ ನಂತರದ ಮೂರು ಸೆಕೆಂಡನ್ನು ನೋಡುತ್ತಿರುತ್ತಾರೆ.

ಕೈ ಹಾಕಿ ಕಸಿಯುವ ಆಸೆ ಬಿಡಿ. ಐದು ಫೌಲಿಗೆ ಆಟಗಾರ ಹೊರಗೆ, ಕ್ವಾರ್ಟರಿನಲ್ಲಿ ತಂಡದ ಐದನೇ ಫೌಲಿನಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಬೆಂಚಿನಿಂದ ಬಂದು ಎರಡು ನಿಮಿಷದಲ್ಲಿ ಎರಡು ಫೌಲ್ ಮಾಡುವವರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಹೆಸರು ಬಂದ ಮೇಲೆ

ಪಟ್ಟಿಯಲ್ಲಿ ಹೆಸರು ಬಂದರೂ ಸ್ಪರ್ಧೆ ಮುಗಿಯುವುದಿಲ್ಲ, ಎದುರಾಳಿ ಮಾತ್ರ ಈಗ ರೂಮ್‌ಮೇಟ್. ತಂಡದ ಪ್ಲೇಗಳನ್ನು ನಿಮ್ಮ ಜಾಗದಿಂದಷ್ಟೇ ಕಲಿಯಬೇಡಿ, ಪಕ್ಕದ ಜಾಗದಿಂದಲೂ ಕಲಿಯಿರಿ. ವಿಂಗ್‌ನವನಿಗೆ ಗಾಯವಾದ ದಿನ ಎರಡೂ ಗೊತ್ತಿರುವವನೇ ಒಳಗೆ ಹೋಗುವುದು. ಬೆಂಚಿನಲ್ಲಿರುವಾಗ ಎದುರಾಳಿ ಬೆಂಚ್ ಗಾರ್ಡ್ ಯಾವ ಕಡೆ ಡ್ರಿಬಲ್ ಮಾಡುತ್ತಾನೆ, ಯಾವ ಸ್ಕ್ರೀನ್ ಬಳಸುತ್ತಾನೆ ನೋಡಿಡಿ. ಒಳಗೆ ಹೋದ ಮೊದಲ ಎರಡು ಪೊಸೆಶನ್‌ನಲ್ಲಿ ಡಿಫೆನ್ಸ್ ಮತ್ತು ಓಟ ಸಾಕು, ಶಾಟ್ ತಾನಾಗಿ ಬರಲಿ. ನಿಮಿಷ ಸಿಗುತ್ತಿಲ್ಲವಾದರೆ ಕೋಚ್ ಹತ್ತಿರ ‘ಯಾಕೆ ಆಡಿಸುತ್ತಿಲ್ಲ’ ಎಂದು ಕೇಳುವುದಕ್ಕಿಂತ ‘ಸರ್, ಹತ್ತು ನಿಮಿಷ ಸಿಗಬೇಕಾದರೆ ನಾನು ಯಾವುದನ್ನು ಸರಿ ಮಾಡಬೇಕು’ ಎಂದು ಕೇಳಿ. ಉತ್ತರ ಸ್ಪಷ್ಟವಾಗಿ ಸಿಗುತ್ತದೆ.

ಐದರ ತಂಡದಲ್ಲಿ ಆಗಲಿಲ್ಲವೆಂದರೆ ಮೂವರಿಗೆ ಮೂವರು ಆಡುವ 3x3 ಇದೆ. ಬದಲಿ ಆಟಗಾರ ಸೇರಿ ತಂಡಕ್ಕೆ ನಾಲ್ಕೇ ಜನ, 12 ಸೆಕೆಂಡಿನ ಶಾಟ್ ಗಡಿಯಾರ, 10 ನಿಮಿಷ ಅಥವಾ 21 ಪಾಯಿಂಟ್. ಎತ್ತರ ಕಡಿಮೆಯಿದ್ದು ಗಟ್ಟಿ ಮೈ, ಒಳ್ಳೆಯ ಶಾಟ್ ಇರುವವರಿಗೆ ಅದು ಚೆನ್ನಾಗಿ ಒಪ್ಪುತ್ತದೆ.

ನಮ್ಮ ದೇಶದಲ್ಲಿ ಲೀಗ್‌ಗಳ ಸೀಸನ್ ಚಿಕ್ಕದು, ವರ್ಷವಿಡೀ ಸಂಬಳ ಬರುವುದಿಲ್ಲ. ಬಾಸ್ಕೆಟ್‌ಬಾಲ್ ಆಡಿ ಬದುಕು ಕಟ್ಟಿಕೊಂಡ ಹೆಚ್ಚಿನವರು ರೈಲ್ವೆ, ಓಎನ್‌ಜಿಸಿ, ಇಂಡಿಯನ್ ಓವರ್ಸೀಸ್ ಬ್ಯಾಂಕ್, ಸೇನೆ, ಪೊಲೀಸ್ ಇಂಥ ಕಡೆ ಕ್ರೀಡಾ ಕೋಟಾದ ಕೆಲಸದಲ್ಲಿರುವವರು. ಹಾಗಾಗಿ ಡಿಗ್ರಿ ಬಿಡಬೇಡಿ, ವಿ.ವಿ. ಮತ್ತು ರಾಜ್ಯ ತಂಡದ ಪ್ರಮಾಣಪತ್ರಗಳ ಮೂಲಪ್ರತಿ ಯಾರ ಕೈಗೂ ಕೊಡಬೇಡಿ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅಪ್ಪ ಅಮ್ಮನ ಜೊತೆ ಕೂತು ಓದಿ, ಪರಿಚಯದ ವಕೀಲರಿಗೆ ತೋರಿಸಿ. ದುಡ್ಡು ತಿಂಗಳಿಗೋ, ಪಂದ್ಯಕ್ಕೋ, ಸೀಸನ್‌ಗೋ? ಬೆಂಚಿನಲ್ಲಿ ಕೂತರೂ ಸಿಗುತ್ತದೆಯೇ? ಊಟ, ವಸತಿ, ಪ್ರಯಾಣ ಯಾರದು? ಆ ಅವಧಿಯಲ್ಲಿ ವಿ.ವಿ. ತಂಡಕ್ಕೆ, ರಾಜ್ಯ ತಂಡಕ್ಕೆ ಆಡಲಿಕ್ಕೆ ಬಿಡುತ್ತಾರೆಯೇ? ಎಲ್ಲಕ್ಕಿಂತ ಮೊದಲು ಗಾಯದ ಷರತ್ತು ನೋಡಿ: ಸ್ಕ್ಯಾನಿಂಗ್, ಆಪರೇಷನ್, ಆಮೇಲಿನ ಫಿಸಿಯೋಥೆರಪಿ, ಮೂರೂ ಅವರ ಖರ್ಚಿನಲ್ಲಿ ಎಂದು ಬರೆದಿರಬೇಕು, ಸೀಸನ್ ಮುಗಿದ ಮೇಲೂ ಎಷ್ಟು ತಿಂಗಳು ಎಂಬುದೂ ಇರಬೇಕು. ಮೊಣಕಾಲ ಲಿಗಮೆಂಟ್ ಹರಿದರೆ ಮತ್ತೆ ಆಡಲಿಕ್ಕೆ ಒಂಬತ್ತು ತಿಂಗಳಿಗಿಂತ ಹೆಚ್ಚು ಬೇಕಾಗುವುದು ಸಾಮಾನ್ಯ. ‘ಅದೆಲ್ಲ ನಾವು ನೋಡಿಕೊಳ್ಳುತ್ತೇವೆ’ ಎಂದು ಬಾಯಲ್ಲಿ ಹೇಳಿದರೆ, ಅದೇ ಮಾತನ್ನು ಅದೇ ದಿನ ಇಮೇಲಿನಲ್ಲಿ ಬರೆಸಿಕೊಂಡು ಆಮೇಲೆ ಸಹಿ ಹಾಕಿ.